ಹದಿನೇಳು ವರ್ಷ ಗುಡಿಸಿದವರು ಕಂಪ್ಯೂಟರಿನಲ್ಲಿ ಹೊಸಬರು



ಉದ್ದ ಬರೀತಿದ್ದೀನಿ, ಕ್ಷಮಿಸಿ. ಮೂರು ವಾರದಿಂದ ಹೊಟ್ಟೇಲಿ ಇಟ್ಕೊಂಡು ಓಡಾಡ್ತಿರೋ ವಿಷಯ ಇದು. ನಾಲ್ಕು ಸಾಲಲ್ಲಿ ಮುಗಿಯಲ್ಲ.

ನಾನು ಕೆಲಸ ಮಾಡುವ ಜಾಗದ ಹೆಸರು ಹೇಳಲ್ಲ. ಹೇಳಿದರೆ ನಾಳೆ ಬೆಳಗ್ಗೆ ಟೇಬಲ್ ಮೇಲೆ ನೋಟಿಸ್ ಇರುತ್ತೆ, ಮನೇಲಿ ಓದೋ ಮಕ್ಕಳಿದ್ದಾರೆ. ನಾನು ಬೆಳಗೊಳದವನು, ಬಿಎ ಮಾಡಿದ ಗುಮಾಸ್ತ, ಹಾಜರಾತಿ ಮತ್ತು ರಜೆಯ ಫೈಲುಗಳು ನನ್ನ ಕೈಲಿವೆ ಅಂತ ತಿಳ್ಕೊಂಡರೆ ಸಾಕು. ಹೌಸ್‌ಕೀಪಿಂಗ್, ತೋಟ, ಸೆಕ್ಯೂರಿಟಿ ಎಲ್ಲಾ ಗುತ್ತಿಗೆ. ಹೌಸ್‌ಕೀಪಿಂಗ್‌ನಲ್ಲಿ ಇಪ್ಪತ್ತಮೂರು ಜನ. ಅವರಲ್ಲಿ ಎಷ್ಟು ಜನ ನಮ್ಮ ಕೇರಿಗಳವರು ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮ ನಿಮ್ಮ ಆಫೀಸಿನಲ್ಲಿ ಪೊರಕೆ ಹಿಡಿದಿರೋ ಕೈ ಯಾರದ್ದು ಅಂತ ಒಂದು ಸಲ ನೋಡ್ಕೊಳ್ಳಿ, ಲೆಕ್ಕ ಸಿಗುತ್ತೆ.

ಇಷ್ಟು ದಿನ ಹೆಬ್ಬೆಟ್ಟಿನ ಮಿಷನ್ ಇತ್ತು. ಫಿನಾಯಿಲು, ಆಸಿಡ್ಡು, ಬ್ಲೀಚಿಂಗ್ ಪೌಡರಿನಲ್ಲಿ ಬೆರಳಿನ ಗೆರೆ ಸವೆದು ಹೋದವರಿಗೆ ಆ ಮಿಷನ್ ಯಾವತ್ತೂ ಸರಿಯಾಗಿ ಬಾಗಿಲು ತೆಗೆದಿಲ್ಲ. ಈ ಸಲ ಅದನ್ನ ಕಿತ್ತು ಮುಖ ನೋಡೋ ಮಿಷನ್ ತಂದರು, ಜೊತೆಗೆ ಹೊಸ ಸಾಫ್ಟ್‌ವೇರ್. ಹಾಜರಾತಿ, ರಜೆ, ಶಿಫ್ಟ್, ಓವರ್‌ಟೈಮ್ ಎಲ್ಲಾ ಒಂದೇ ಕಡೆ. ಬೆಂಗಳೂರಿಂದ ಒಬ್ಬ ಹುಡುಗ ಬಂದು ಕೂತ. ಒಳ್ಳೆ ಹುಡುಗ, ಸುಳ್ಳು ಯಾಕೆ ಹೇಳಲಿ. ಎರಡು ದಿನ ನನ್ನ ಪಕ್ಕ ಕೂತು ನಿಯಮಗಳನ್ನ ಒಂದೊಂದಾಗಿ ತುಂಬಿಸಿದ.

ಮ್ಯಾನೇಜ್‌ಮೆಂಟು ಒಂದು ಹಾಳೆ ಕೊಟ್ಟಿತ್ತು. ಸೇವೆಯ ಅವಧಿ ನೋಡಿ ನಾಲ್ಕು ದರ್ಜೆ. ಒಂದು ವರ್ಷದೊಳಗಿನವರಿಗೆ ಲೇಟಾಗಿ ಬರೋಕೆ ಒಂದು ನಿಮಿಷವೂ ವಿನಾಯ್ತಿ ಇಲ್ಲ, ತಿಂಗಳಲ್ಲಿ ಮೂರು ಸಲ ಲೇಟಾದರೆ ಅರ್ಧ ದಿನದ ಸಂಬಳ ಕಟ್. ಒಂದರಿಂದ ಐದು ವರ್ಷದವರಿಗೆ ಹತ್ತು ನಿಮಿಷ. ಐದರಿಂದ ಹತ್ತಕ್ಕೆ ಹದಿನೈದು. ಹತ್ತು ವರ್ಷ ದಾಟಿದವರಿಗೆ ಅರ್ಧ ಗಂಟೆ. ಅವರಿಗೆ ಶಿಫ್ಟ್ ಆರಿಸ್ಕೊಳ್ಳೋದರಲ್ಲಿ ಮೊದಲ ಸರದಿ, ಇಬ್ಬರು ಒಂದೇ ದಿನ ರಜೆ ಕೇಳಿದರೆ ಅವರಿಗೇ ಮೊದಲು, ವಾರದ ರಜೆ ಭಾನುವಾರವೇ ಬೇಕು ಅಂದರೆ ಅದೂ ಮೊದಲು ಅವರಿಗೇ. ಓದಿದಾಗ ನನಗೂ ಸರಿ ಅನ್ನಿಸ್ತು. ಹಳಬರಿಗೆ ಒಂದು ಮರ್ಯಾದೆ ಬೇಕಲ್ಲ.

ಆಮೇಲೆ ಹುಡುಗ ಒಂದು ಡ್ರಾಪ್‌ಡೌನ್ ತೆರೆದ. ಸೇವೆಯ ಅವಧಿಯನ್ನ ಯಾವ ದಿನಾಂಕದಿಂದ ಎಣಿಸಬೇಕು ಅಂತ ಸಾಫ್ಟ್‌ವೇರ್ ಕೇಳ್ತಿತ್ತು. ಅದರಲ್ಲಿ ಒಂದಲ್ಲ, ನಾಲ್ಕು ದಿನಾಂಕ ಇದ್ದವು. ಈಗಿನ ನೇಮಕಾತಿಯ ದಿನ. ಮೊಟ್ಟಮೊದಲು ಕೆಲಸಕ್ಕೆ ಸೇರಿದ ದಿನ. ಮಧ್ಯೆ ಬಿಟ್ಟು ಮತ್ತೆ ಸೇರಿದ್ದರೆ ಆ ದಿನ. ಇನ್ನೊಂದು, ಹಳೇ ಸೇವೆಯನ್ನೆಲ್ಲ ಕೂಡಿಸಿ ಸರಿಪಡಿಸಿದ ದಿನ, ಅದಕ್ಕೆ ಅಡ್ಜಸ್ಟೆಡ್ ಸರ್ವಿಸ್ ಡೇಟ್ ಅಂತ ಹೆಸರು. ನಾನು ನೋಡ್ತಾ ಕೂತೆ. ಹುಡುಗ ಅಂದ, 'ಡಿಫಾಲ್ಟ್ ಬಿಟ್ಬಿಡೋಣ ಸರ್, ಎಲ್ಲಾ ಕಡೆ ಹಂಗೇ ಬಿಡ್ತಾರೆ.' ಡಿಫಾಲ್ಟ್ ಅಂದರೆ ಈಗಿನ ನೇಮಕಾತಿಯ ದಿನ.

ಗುಂಡಿ ಒತ್ತಿದ. ಪಟ್ಟಿ ಬಂತು, ಸೀನಿಯಾರಿಟಿ ಪ್ರಕಾರ ಮೇಲಿಂದ ಕೆಳಕ್ಕೆ. ಇಪ್ಪತ್ತಮೂರು ಜನ ಹೌಸ್‌ಕೀಪಿಂಗ್‌ನವರೂ ಕಟ್ಟಕಡೇಲಿ ಇದ್ದರು. ಒಬ್ಬೊಬ್ಬರ ಹೆಸರಿನ ಮುಂದೆಯೂ ಒಂದೇ ಲೆಕ್ಕ: 0 ವರ್ಷ 4 ತಿಂಗಳು.

ಯಾಕಂದ್ರೆ ಏಪ್ರಿಲ್ ಒಂದಕ್ಕೆ ಟೆಂಡರ್ ಬದಲಾಯ್ತು. ಹಳೇ ಗುತ್ತಿಗೆದಾರ ಹೋದ, ಹೊಸಬ ಬಂದ. ಜನ ಅವರೇ. ಪೊರಕೆ ಅದೇ, ಮಾಪು ಅದೇ, ಅವರು ಬಟ್ಟೆ ಬದಲಾಯಿಸೋ ಮೆಟ್ಟಿಲ ಕೆಳಗಿನ ಕತ್ತಲೆ ಮೂಲೆಯೂ ಅದೇ. ಬದಲಾಗಿದ್ದು ಬೆನ್ನ ಮೇಲೆ ಬರೆದಿರೋ ಏಜೆನ್ಸಿ ಹೆಸರು ಮಾತ್ರ.

ಅವರಲ್ಲಿ ಒಬ್ಬರಿದ್ದಾರೆ, ನಾನು ದೊಡ್ಡವ್ವ ಅಂತ ಕರೀತೀನಿ. 2008ರ ಶ್ರಾವಣದಲ್ಲಿ ಕೆಲಸಕ್ಕೆ ಬಂದವರು, ನನಗಿಂತ ಮುಂಚೆ. ನಾನು ಸೇರಿದ ಮೊದಲ ದಿನ ಸ್ಟೋರ್ ರೂಮಿನ ಬೀಗದ ಕೈ ಎಲ್ಲಿರುತ್ತೆ, ಯಾವ ಸಾಹೇಬರ ಎದುರು ಏನು ಮಾತಾಡಬಾರದು, ಯಾವ ನಲ್ಲೀಲಿ ಕುಡಿಯೋ ನೀರು ಬರುತ್ತೆ ಅಂತ ಹೇಳಿಕೊಟ್ಟೋರು ಅವರೇ. ಐದು ಗುತ್ತಿಗೆದಾರರನ್ನ ಕಂಡಿದ್ದಾರೆ. ಕಂಪ್ಯೂಟರಿನಲ್ಲಿ ಅವರಿಗಿಂತ ಸೀನಿಯರ್ ಯಾರು ಗೊತ್ತಾ? ಹೋದ ವರ್ಷ ಅಕೌಂಟ್ಸಿಗೆ ಸೇರಿದ ಇಪ್ಪತ್ತಮೂರು ವರ್ಷದ ಹುಡುಗ. ಅವನಿಗೆ ಹತ್ತು ನಿಮಿಷ ವಿನಾಯ್ತಿ ಉಂಟು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು, ಮೊದಲನೇ ಬಸ್ಸು ಹಿಡಿದು ಬರೋ ದೊಡ್ಡವ್ವನಿಗೆ, ಬಸ್ಸು ಆರು ನಿಮಿಷ ತಡವಾದರೆ ಕೆಂಪು ಗುರುತು.

ಅವತ್ತು ಸಂಜೆ ಅವರಿಗೆ ವಿಷಯ ಹೇಳಿದೆ. ಕೈಲಿದ್ದ ಬಕೆಟ್ ಕೆಳಗಿಡದೆ ಕೇಳಿಸ್ಕೊಂಡು ಅಂದರು: 'ಅಂಗಾರೆ ನಾನು ಈಗ ಹೊಸಬಳಾ? ಹಂಗೇ ವಯಸ್ಸೂ ವಸಿ ಕಮ್ಮಿ ಮಾಡ್ಸಪ್ಪ, ಮಂಡಿ ನೋವು ಹೋಗ್ಲಿ.'

ನಗು ಬರಲಿಲ್ಲ ನನಗೆ.

ಈಗ ನನ್ನ ತಪ್ಪನ್ನೂ ಹೇಳ್ತೀನಿ. ಆ ಏಪ್ರಿಲ್ ಒಂದು ಅನ್ನೋ ದಿನಾಂಕವನ್ನ ಎಕ್ಸೆಲ್ ಶೀಟಿನಲ್ಲಿ ಟೈಪ್ ಮಾಡಿದ್ದು ನಾನೇ. ಈ ಸಲ ಒಂದೇ ಅಲ್ಲ. ಗುತ್ತಿಗೆದಾರ ಬದಲಾದಾಗಲೆಲ್ಲ ಹಳೇ ಶೀಟು ಮುಚ್ಚಿ ಹೊಸ ಶೀಟು ತೆಗೆದು, ಇಪ್ಪತ್ತು ಇಪ್ಪತ್ತೈದು ಹೆಸರಿಗೆ ಒಂದೇ ದಿನಾಂಕ ಎಳೆದು ತುಂಬಿಸಿದ್ದೀನಿ. ಮೊದಲ ಎರಡು ಸಾಲಲ್ಲಿ ಬರೆದು, ಮೂಲೆ ಹಿಡಿದು ಕೆಳಗೆ ಎಳೆದರೆ ಮುಗೀತು, ಎರಡು ಸೆಕೆಂಡ್ ಕೆಲಸ. ಏಪ್ರಿಲ್ ಹದಿನಾಲ್ಕಕ್ಕೆ ಬಾಬಾಸಾಹೇಬರ ಫೋಟೋಗೆ ಹಾರ ಹಾಕಿ ಮೈಕಿನಲ್ಲಿ ಮಾತಾಡೋ ಇದೇ ಮನುಷ್ಯ, ಅದೇ ತಿಂಗಳ ಒಂದನೇ ತಾರೀಕು ನಮ್ಮ ತಾಯಂದಿರ ವರ್ಷಗಳನ್ನ ಎರಡು ಸೆಕೆಂಡಿನಲ್ಲಿ ಅಳಿಸಿ ಹಾಕಿದ್ದಾನೆ. ಕಾಗದದ ಕಾಲದಲ್ಲಿ ಇದರಿಂದ ದಿನದಿನಕ್ಕೆ ಏನೂ ಆಗ್ತಿರಲಿಲ್ಲ, ಸೂಪರ್‌ವೈಸರ್‌ಗೂ ಗೊತ್ತಿತ್ತು ಯಾರು ಹಳಬರು ಅಂತ. 'ಬುಡವ್ವ, ಬಸ್ಸು ಲೇಟು ಅಂತ ಗೊತ್ತು' ಅಂತ ಸೈನ್ ಹಾಕಿಸ್ಕೋತಿದ್ದ. ಮಿಷನ್‌ಗೆ ಆ ಗುರುತು ಇಲ್ಲ. ನಾನು ಬರೆದ ಸುಳ್ಳನ್ನ ಅದು ನಂಬಿ, ಆ ಸುಳ್ಳಿನ ಮೇಲೆ ದಿನಾ ಬೆಳಗ್ಗೆ ತೀರ್ಪು ಕೊಡುತ್ತೆ.

ಮಾರನೇ ದಿನ ನಾನು ಇಪ್ಪತ್ತಮೂರು ಜನದ ಮೂಲ ದಿನಾಂಕ ಹುಡುಕಿ, ಆ ಡ್ರಾಪ್‌ಡೌನಿನಲ್ಲಿ 'ಮೊಟ್ಟಮೊದಲು ಸೇರಿದ ದಿನ' ಆರಿಸಿ, ಡ್ರಾಫ್ಟ್ ಕಳಿಸಿದೆ. ಒಂದು ಗಂಟೇಲಿ ಕ್ಯಾಬಿನ್ನಿಗೆ ಕರೆ ಬಂತು.

ಸಾಹೇಬರು ಕೂಗಾಡಲಿಲ್ಲ. ಕುರ್ಚಿ ತೋರಿಸಿದರು, ಅದೇ ನನಗೆ ಭಯ ಆಯ್ತು. 'ನೋಡಪ್ಪ, ನೀನು ಮಾಡಿದ್ದು ಮನುಷ್ಯತ್ವದ ದೃಷ್ಟಿಯಿಂದ ಸರಿ. ಆದರೆ ಇದು ನಮ್ಮ ಸಿಸ್ಟಮ್‌ನಲ್ಲಿ ಹದಿನೇಳು ವರ್ಷ ಅಂತ ಬಂದ್ರೆ ಅದು ದಾಖಲೆ ಆಗ್ಬಿಡುತ್ತೆ. ನಾಳೆ ಯಾರೋ ಲೇಬರ್ ಕೋರ್ಟಿಗೆ ಹೋಗ್ತಾರೆ. ಅವರು ನಮ್ಮ ನೌಕರರಲ್ಲ, ವೆಂಡರ್ ಸ್ಟಾಫ್.' ಆಮೇಲೆ ಹುಡುಗನಿಗೆ ಹೇಳಿ ಅವರೆಲ್ಲರನ್ನೂ ಬೇರೆ ಗುಂಪಿಗೆ ಹಾಕಿಸಿದರು. ಆ ಗುಂಪಿಗೆ ಸೀನಿಯಾರಿಟಿಯ ನಿಯಮವೇ ಅನ್ವಯಿಸಲ್ಲ. ಲೇಟ್ ಆದರೆ ಸಂಬಳ ಕಟ್ ಮಾಡೋ ನಿಯಮ ಮಾತ್ರ ಅನ್ವಯಿಸುತ್ತೆ.

ಇದನ್ನ ಎರಡು ಸಲ ಓದಿ. ಲೇಟ್ ಆದರೆ ಅವರು ನಮ್ಮವರು, ಕ್ಯಾಮೆರಾ ಮುಂದೆ ನಿಲ್ಲಬೇಕು. ವಿನಾಯ್ತಿ ಕೇಳಿದರೆ ಅವರು ವೆಂಡರ್‌ನವರು. ಬೆಳಗ್ಗೆ ಆರಕ್ಕೆ ಎಲ್ಲಿ ನಿಂತಿರಬೇಕು, ಯಾವ ಮಹಡಿ ಒರೆಸಬೇಕು, ಎಷ್ಟೊತ್ತಿಗೆ ಊಟ ಮಾಡಬೇಕು ಅಂತ ಹೇಳೋರು ನಾವು. ಅವರು ಯಾರು ಅಂತ ಕೇಳಿದಾಗ ಮಾತ್ರ ನಮಗೆ ಗೊತ್ತಿಲ್ಲ.

ನನ್ನ ಕೆಲವು ಸ್ನೇಹಿತರು, ಪ್ರಗತಿಪರರೇ, ಇದನ್ನ ಕೇಳಿ 'ಅಯ್ಯೋ ಅದು ಸಾಫ್ಟ್‌ವೇರ್ ದೋಷ, ಸರಿ ಮಾಡ್ಸಿ' ಅಂದರು. ದೋಷ ಅಲ್ಲ ಸ್ವಾಮಿ. ಸಾಫ್ಟ್‌ವೇರ್ ಮಾಡಿದೋನು ನಾಲ್ಕು ದಿನಾಂಕ ಕೊಟ್ಟಿದ್ದ. ಹಳೇ ಸೇವೆ ಕೂಡಿಸೋ ಖಾನೆ ಬೇರೆ ಮಾಡಿಟ್ಟಿದ್ದ. ಪರದೇಶದಲ್ಲಿ ಒಂದು ಕಂಪನಿಯನ್ನ ಇನ್ನೊಂದು ಕೊಂಡಾಗ ನೌಕರರ ಹಳೇ ವರ್ಷಗಳು ಹಾಳಾಗಬಾರದು ಅಂತಲೇ ಇಂಥ ಖಾನೆಗಳು ಇರೋದು. ನಮ್ಮಲ್ಲೂ ಒಂದು ಬ್ಯಾಂಕು ಇನ್ನೊಂದು ಬ್ಯಾಂಕಿನಲ್ಲಿ ಲೀನ ಆದಾಗ ಮ್ಯಾನೇಜರ್‌ಗಳು ಸೊನ್ನೆಯಿಂದ ಶುರು ಮಾಡ್ತಾರಾ? ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ವಿಲೀನ ಆಯ್ತು. ಅಲ್ಲಿದ್ದ ಅಧಿಕಾರಿಗಳಿಗೆ ಏಪ್ರಿಲ್ ಒಂದಕ್ಕೆ ನೀವು ಹೊಸಬರು ಅಂತ ಯಾರಾದರೂ ಹೇಳಿದ್ದರೆ ಸುಮ್ಮನೆ ಇರ್ತಿದ್ದರಾ? ಪೊರಕೆ ಹಿಡಿದವರ ಮಾಲೀಕ ಬದಲಾದಾಗ ಮಾತ್ರ ಸೊನ್ನೆಯಿಂದ ಶುರು.

'ಸೀನಿಯಾರಿಟಿ ಅನ್ನೋದು ಜಾತಿ ನೋಡಲ್ಲ ಕಣ್ರೀ, ಬರೀ ದಿನಾಂಕ ನೋಡುತ್ತೆ' ಅನ್ನೋ ಮಾತನ್ನ ನಾನು ಇಪ್ಪತ್ತು ವರ್ಷದಿಂದ ಕೇಳ್ತಿದ್ದೀನಿ. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದ ರೈತನ ಹತ್ತಿರ ಹೋಗಿ 'ನಾಲೆ ಎಲ್ಲರಿಗೂ ಒಂದೇ' ಅಂತ ಹೇಳಿ ನೋಡಿ. ಕೊನೇ ಭಾಗಕ್ಕೆ ನೀರು ಬರೋದು ಬಿಡೋದು ಮೇಲಿನ ತೂಬು ಯಾರ ಕೈಲಿದೆ ಅನ್ನೋದರ ಮೇಲೆ ಅಂತ ಅವನು ಹೇಳ್ತಾನೆ, ಇನ್ನೂ ನಾಲ್ಕು ಮಾತು ಸೇರಿಸಿ. ದಿನಾಂಕದ ತೂಬು ಯಾರ ಕೈಲಿತ್ತು?

ಈ ರಾಜ್ಯದಲ್ಲಿ ದಿನಗೂಲಿಯವರ ಬದುಕು ದಿನಾಂಕಗಳ ಮೇಲೇ ನಿಂತಿದೆ. 1984ರ ಜುಲೈ 1. ಹಳೇ ದಿನಗೂಲಿ, ಎನ್‌ಎಂಆರ್ ನೌಕರರನ್ನ ಕೇಳಿ, ಆ ದಿನಾಂಕ ಅವರಿಗೆ ಸ್ವಂತ ಮದುವೆ ದಿನಕ್ಕಿಂತ ಚೆನ್ನಾಗಿ ನೆನಪಿರುತ್ತೆ. ಅದಕ್ಕೆ ಮುಂಚೆ ಸೇರಿದ್ದವರಿಗೆ 1990ರ ಧಾರವಾಡ ಜಿಲ್ಲೆಯ ಲೋಕೋಪಯೋಗಿ ದಿನಗೂಲಿ ನೌಕರರ ಕೇಸಿನಿಂದ ಕಾಯಂ ಆಗೋ ದಾರಿ ತೆರೀತು, ಹತ್ತು ವರ್ಷ ಸೇವೆ ಅಂತ ಲೆಕ್ಕ. ಒಂದು ವಾರ ತಡವಾಗಿ ಸೇರಿದವನ ಗತಿ ಬೇರೆ. ಆಮೇಲೆ 2006ರ ಏಪ್ರಿಲ್ 10, ಉಮಾದೇವಿ ಪ್ರಕರಣ. ಅದೂ ನಮ್ಮ ಕರ್ನಾಟಕದ್ದೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದ್ದು. ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ತಾತ್ಕಾಲಿಕವಾಗಿ ಬಂದವರಿಗೆ ಕಾಯಂ ಆಗೋ ಹಕ್ಕಿಲ್ಲ ಅಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದುಡಿದವರಿಗೆ ಒಂದೇ ಒಂದು ಸಲಕ್ಕೆ ಅಂತ ಸಣ್ಣ ಕಿಟಕಿ ಬಿಟ್ಟಿತು. ಅವತ್ತಿಂದ ಇವತ್ತಿನವರೆಗೂ ಯಾರ ಹತ್ತು ವರ್ಷವೂ ತುಂಬದ ಹಾಗೆ ನೋಡಿಕೊಳ್ಳೋದೇ ಆಡಳಿತದ ಜಾಣತನ ಆಗಿದೆ. ಗುತ್ತಿಗೆದಾರನನ್ನ ಬದಲಾಯಿಸು, ಮಧ್ಯೆ ಒಂದು ದಿನ ಬಿಡುವು ಕೊಡು, ಹೊಸ ಐಡಿ ಕಾರ್ಡು ಮಾಡಿಸು. 1972ರಲ್ಲಿ ಗ್ರಾಚ್ಯುಟಿ ಕಾಯ್ದೆ ಬರೆದಾಗ ಐದು ವರ್ಷದ ನಿರಂತರ ಸೇವೆ ಕೇಳಿದರು. ಎರಡು ವರ್ಷಕ್ಕೊಂದು ಟೆಂಡರ್ ಕರೆದರೆ ಕಾಗದದ ಮೇಲೆ ಐದು ಯಾವತ್ತು ಬರುತ್ತೆ? 2024ರ ಡಿಸೆಂಬರ್ 20ರಂದು ಜಗ್ಗೋ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟು, ಉಮಾದೇವಿ ತೀರ್ಪನ್ನ ವರ್ಷಾನುಗಟ್ಟಲೆ ದುಡಿದವರ ವಿರುದ್ಧ ಆಯುಧದ ಹಾಗೆ ಬಳಸಬಾರದು ಅಂತ ಹೇಳಿದೆ. ಆ ಕೇಸಿನಲ್ಲಿ ಗೆದ್ದವರಲ್ಲಿ ಗುಡಿಸಿ ಒರೆಸುವ ಹೆಂಗಸರಿದ್ದರು, ಗೊತ್ತಿರಲಿ. ಆದರೆ ಹಾಗೆ ದುಡಿದಿದ್ದೀನಿ ಅಂತ ತೋರಿಸೋಕೆ ದಾಖಲೆ ಬೇಕು. ಸಾಹೇಬರು ಕುರ್ಚಿ ಯಾಕೆ ಕೊಟ್ಟರು ಅಂತ ಈಗ ಅರ್ಥ ಆಯ್ತಾ?

ಇನ್ನೊಂದು ಮಾತು, ಇದು ನಮ್ಮವರಿಗೆ. ಕೋಪ ಮಾಡ್ಕೋಬೇಡಿ.

ಸೀನಿಯಾರಿಟಿ ಅನ್ನೋ ಶಬ್ದ ನಮ್ಮ ಚಳವಳಿಗೆ ಹೊಸದಲ್ಲ. 1978ರ ಏಪ್ರಿಲ್ 27ರ ಸರ್ಕಾರಿ ಆದೇಶದಿಂದ ಈ ರಾಜ್ಯದಲ್ಲಿ ಬಡ್ತಿ ಮೀಸಲಾತಿ ಬಂತು. ರೋಸ್ಟರ್‌ನಲ್ಲಿ ಮೊದಲು ಬಡ್ತಿ ಪಡೆದ ನಮ್ಮ ನೌಕರ ಆ ಮೇಲಿನ ಹುದ್ದೆಯಲ್ಲೂ ಸೀನಿಯರ್ ಆಗಿ ಉಳೀಬೇಕಾ, ಅಥವಾ ಹಿಂದೆ ಬಂದ ಸಾಮಾನ್ಯ ವರ್ಗದವನು ಅವನನ್ನ ದಾಟಿ ಹೋಗಬೇಕಾ, ಈ ಒಂದು ಪ್ರಶ್ನೆಗೆ ಎಷ್ಟು ಕೇಸು ನಡೆದವು! ಪಾರ್ಲಿಮೆಂಟು 85ನೇ ತಿದ್ದುಪಡಿ ತಂದು ತತ್ಪರಿಣಾಮ ಜ್ಯೇಷ್ಠತೆಯನ್ನ ಸಂವಿಧಾನಕ್ಕೇ ಸೇರಿಸ್ತು. 2017ರ ಫೆಬ್ರವರಿಯಲ್ಲಿ ಬಿ.ಕೆ. ಪವಿತ್ರ ಪ್ರಕರಣದಲ್ಲಿ ನಮ್ಮ ರಾಜ್ಯದ 2002ರ ಕಾಯ್ದೆ ಬಿದ್ದು ಹೋಯ್ತು, ಜ್ಯೇಷ್ಠತಾ ಪಟ್ಟಿಗಳು ತಿರುವು ಮುರುವಾದವು, ನಮ್ಮವರಿಗೆ ಹಿಂಬಡ್ತಿ ಆಯ್ತು. ನಾವೆಲ್ಲ ಬೀದಿಗೆ ಬಂದೆವು, ರತ್ನಪ್ರಭಾ ಸಮಿತಿಯ ಅಂಕಿಅಂಶ ಇಟ್ಕೊಂಡು ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಅದು ಸುಪ್ರೀಂ ಕೋರ್ಟಿನಲ್ಲಿ ನಿಂತಿತು. ಅವತ್ತು ನಾನೂ ಪೇಡ ಹಂಚಿದವನೇ. ಅದು ನ್ಯಾಯವಾದ ಹೋರಾಟ, ಇವತ್ತೂ ಹಾಗೇ ಹೇಳ್ತೀನಿ.

ಆದರೆ ಎಂಜಿನಿಯರ್ ಸಾಹೇಬರ ಜ್ಯೇಷ್ಠತೆಗೆ ಅಷ್ಟು ಓದಿಕೊಂಡ ನಾವು, ಅದೇ ಕಚೇರಿಯ ಬಾತ್‌ರೂಮ್ ತೊಳೆಯೋ ಚಿಕ್ಕವ್ವನ ಜ್ಯೇಷ್ಠತೆಗೆ ಒಂದು ಮನವಿ ಪತ್ರ ಬರೆದಿದ್ದೀವಾ? ಸರ್ಕಾರಿ ಕಚೇರಿಯ ಎಚ್‌ಆರ್‌ಎಂಎಸ್‌ನಲ್ಲಿ ಕಾಯಂ ನೌಕರ ಸೇವೆಗೆ ಸೇರಿದ ದಿನ, ಬಡ್ತಿಯ ದಿನ, ರಜೆಯ ಲೆಕ್ಕ ಎಲ್ಲಾ ಇರುತ್ತೆ. ಹೊರಗುತ್ತಿಗೆಯವರು ಏಜೆನ್ಸಿಯ ಬಿಲ್ಲಿನಲ್ಲಿ ಒಂದು ಸಾಲು, ಫಿನಾಯಿಲ್ ಡಬ್ಬಿಯ ಸಾಲಿನ ಹಾಗೇ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತಾಗ ಎಷ್ಟು ಜನ ಹೋಗಿ ಅವರ ಜೊತೆ ಕೂತಿರಿ? ಅವರೇ ಕೂತು, ಅವರೇ ಗೆದ್ದರು. ಆ ವರ್ಷ ಸರ್ಕಾರ 11,133 ಹುದ್ದೆ ಕಾಯಂ ಮಾಡೋಕೆ ಒಪ್ಪಿತು. ಅವರ ಪಕ್ಕದಲ್ಲೇ ಕಸದ ಗಾಡಿ ಓಡಿಸೋ ಡ್ರೈವರು, ಕಸ ತುಂಬೋ ಲೋಡರು ಹೊರಗೆ ಉಳಿದರು. ಒಂದೇ ಕಸ, ಒಂದೇ ಬೀದಿ, ಕಾಗದ ಬೇರೆ.

85ನೇ ತಿದ್ದುಪಡಿಯಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಅದು ಬಂದಿದ್ದು 2002ರ ಜನವರಿಯಲ್ಲಿ. ಜಾರಿಯಾಗಿದ್ದು 1995ರ ಜೂನ್ 17ರಿಂದ. ಹಿಂದಕ್ಕೆ! ಅಂದರೆ ಆರೂವರೆ ವರ್ಷ ಹಿಂದಿನ ದಿನಾಂಕಕ್ಕೆ ಹೋಗಿ ಅನ್ಯಾಯ ಸರಿಪಡಿಸಬಹುದು ಅಂತ ದೇಶದ ಪಾರ್ಲಿಮೆಂಟೇ ಒಪ್ಪಿದೆ. ಅಮೆರಿಕದಲ್ಲೂ ಇದೇ ನಡೆದಿದೆ. ಅಲ್ಲಿನ ಲಾರಿ ಕಂಪನಿಯೊಂದು ದೂರದ ಓಟದ ಡ್ರೈವರ್ ಕೆಲಸಕ್ಕೆ ಕಪ್ಪು ಜನರ ಅರ್ಜಿ ತಿರಸ್ಕರಿಸ್ತಿತ್ತು. 1976ರ ಫ್ರಾಂಕ್ಸ್ ಮತ್ತು ಬೌಮನ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಬರೀ ಕೆಲಸ ಕೊಟ್ಟರೆ ಸಾಲದು, ಅವರು ಅರ್ಜಿ ಹಾಕಿದ ದಿನದಿಂದಲೇ ಸೀನಿಯಾರಿಟಿ ಎಣಿಸಿ ಕೊಡಬಹುದು ಅಂದಿತು. ಕೆಲಸವನ್ನೇ ಮಾಡಿರದ ವರ್ಷಗಳಿಗೂ! ಮರುವರ್ಷವೇ ಟೀಮ್‌ಸ್ಟರ್ಸ್ ಪ್ರಕರಣದಲ್ಲಿ ಅದೇ ಕೋರ್ಟು ಹಿಂದೆ ಸರಿದು, 1964ರ ನಾಗರಿಕ ಹಕ್ಕು ಕಾಯ್ದೆ ಜಾರಿಯಾಗೋಕೆ ಮುಂಚಿನ ಅನ್ಯಾಯಕ್ಕೆ ಸೀನಿಯಾರಿಟಿ ಪದ್ಧತಿಯನ್ನ ಮುಟ್ಟೋಕಾಗಲ್ಲ ಅಂದಿತು, ಅದು ಬೇರೆ ಕತೆ. ನಮ್ಮ ದೊಡ್ಡವ್ವ ಅರ್ಜಿ ಹಾಕಿ ಕಾದವರಲ್ಲ. ಹದಿನೇಳು ವರ್ಷ ಗುಡಿಸಿದವರು. ಅಷ್ಟು ವರ್ಷವನ್ನ ಒಂದು ಡ್ರಾಪ್‌ಡೌನಿನಲ್ಲಿ ಹಿಂದಕ್ಕೆ ಒಯ್ಯೋಕೆ ಆಗಲ್ವಾ?

ಬಾಬಾಸಾಹೇಬರಿಗೆ ಇದು ತಿಳೀದ ವಿಷಯ ಅಲ್ಲ. ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ನಮ್ಮವರನ್ನ ಸೇರಿಸ್ತಿರಲಿಲ್ಲ, ಎಳೆಯನ್ನ ಬಾಯಿಗೆ ಹಚ್ಚಬೇಕಲ್ಲ, ಮುಟ್ಟಿದರೆ ಮೈಲಿಗೆ. ಸಂಬಳ ಜಾಸ್ತಿ ಇದ್ದದ್ದು ಅದೇ ವಿಭಾಗದಲ್ಲಿ. ಒಳಗೇ ಬಿಡದವನಿಗೆ ಆ ವಿಭಾಗದಲ್ಲಿ ಸೀನಿಯಾರಿಟಿ ಎಲ್ಲಿಂದ ಬರಬೇಕು? ಅದನ್ನ ಕೆಂಬಾವುಟದ ಯೂನಿಯನ್ ನಾಯಕರ ಎದುರೇ ಅವರು ಕೇಳಿದ್ದರು. ಇವತ್ತು ನಮ್ಮ ಕಾಯಂ ನೌಕರರ ಸಂಘದವರೂ ಸೀನಿಯಾರಿಟಿ ಪಟ್ಟಿ ತಪ್ಪಿಲ್ಲದೆ ಬರಬೇಕು ಅಂತ ಮೊನ್ನೆ ಮೂರು ಪುಟ ಆಕ್ಷೇಪಣೆ ಬರೆದರು. ಒಂದೂವರೆ ತಿಂಗಳ ವ್ಯತ್ಯಾಸಕ್ಕೆ ಇಬ್ಬರು ಮಾತು ಬಿಟ್ಟಿದ್ದಾರೆ. ಆ ಮೂರು ಪುಟದಲ್ಲಿ ಇಪ್ಪತ್ತಮೂರು ಜನದ ಬಗ್ಗೆ ಅರ್ಧ ಸಾಲು ಇಲ್ಲ.

ನಮ್ಮ ತಾತಂದಿರ ಕಾಲದಲ್ಲಿ, ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಗಡಿ ತಕರಾರು ಬಂದರೆ ಕುಳವಾಡಿಯನ್ನ ಕರೀತಿದ್ದರು. ಊರಿನ ಎಲ್ಲೆ ಅವನಿಗೇ ಗೊತ್ತು, ಅವನ ಮಾತೇ ಕೊನೆ. ಊರಿಗಿಂತ ಹಳಬ ಅವನು ಅಂತ ಎಲ್ಲರೂ ಒಪ್ತಿದ್ದರು. ಗಡಿ ತೋರಿಸಿ ಮುಗಿದ ಮೇಲೆ ವಾಪಸ್ಸು ಕೇರಿಗೆ. ಹಳಬ ಅನ್ನೋದು ಊರಿಗೆ ಬೇಕಾದಾಗ ಮಾತ್ರ. ದೊಡ್ಡವ್ವನ ಕತೆ ಅದಕ್ಕಿಂತ ಬೇರೆ ಏನು? ಪೈಪು ಒಡೆದರೆ ವಾಲ್ವ್ ಎಲ್ಲಿದೆ ಅಂತ ಅವರನ್ನೇ ಕೂಗ್ತಾರೆ.

ಸರಿ, ಬೈದಿದ್ದು ಸಾಕು. ಕೆಲಸದ ಮಾತಿಗೆ ಬರ್ತೀನಿ.

ದಿನಾಂಕ ಹುಡುಕೋಕೆ ಹೋದಾಗ ನಾನು ಕಲಿತಿದ್ದು ಇದು. ಪಿಎಫ್‌ನ ಯುಎಎನ್ ಅಂತ ಹನ್ನೆರಡು ಅಂಕಿಯ ನಂಬರ್ ಇರುತ್ತಲ್ಲ, ಗುತ್ತಿಗೆದಾರ ಎಷ್ಟು ಬದಲಾದರೂ ಅದು ಒಂದೇ ಇರಬೇಕು. ಪಿಎಫ್ ವೆಬ್‌ಸೈಟಿಗೆ ಲಾಗಿನ್ ಆಗಿ ಸರ್ವಿಸ್ ಹಿಸ್ಟರಿ ತೆಗೆದರೆ ಯಾವ ಏಜೆನ್ಸಿಯಲ್ಲಿ ಯಾವತ್ತು ಸೇರಿದರು, ಯಾವತ್ತು ಬಿಟ್ಟರು ಅಂತ ಸಾಲಾಗಿ ಬರುತ್ತೆ. ಮಾರ್ಚ್ 31ಕ್ಕೆ ಬಿಟ್ಟು ಏಪ್ರಿಲ್ 1ಕ್ಕೆ ಸೇರಿದ ಸಾಲುಗಳನ್ನ ಒಂದರ ಕೆಳಗೊಂದು ಇಟ್ಟು ನೋಡಿ, ಯಾವ ವಕೀಲನೂ ಬೇಡ. ಕೆಲವು ಗುತ್ತಿಗೆದಾರರು ಬೇಕಂತಲೇ ಹೊಸ ಯುಎಎನ್ ಮಾಡಿಸಿರ್ತಾರೆ. ಇಪ್ಪತ್ತಮೂರರಲ್ಲಿ ಏಳು ಜನಕ್ಕೆ ಎರಡೆರಡು ನಂಬರ್ ಸಿಕ್ಕವು. ಅದನ್ನ ಒಂದು ಮಾಡಿಸಬೇಕು, ಇಲ್ಲದಿದ್ದರೆ ಹಳೇ ದುಡ್ಡೂ ಹೋಗುತ್ತೆ, ಹಳೇ ವರ್ಷವೂ ಹೋಗುತ್ತೆ. ಇಎಸ್‌ಐ ಕಾರ್ಡಿನ ನಂಬರೂ ಹಾಗೇ, ಮೊದಲ ಸಲ ಯಾವಾಗ ನೋಂದಣಿ ಆಯ್ತು ಅನ್ನೋದಕ್ಕೆ ಅದು ಸಾಕ್ಷಿ. ಬ್ಯಾಂಕ್ ಪಾಸ್‌ಬುಕ್ ಎಸೀಬೇಡಿ. ಹಳೇ ಐಡಿ ಕಾರ್ಡನ್ನ ಗುತ್ತಿಗೆದಾರ ವಾಪಸ್ ಕೇಳಿದರೆ ಮೊದಲು ಎರಡೂ ಕಡೆ ಫೋಟೋ ಹೊಡ್ಕೊಳ್ಳಿ.

ಪಿಎಫ್ ಕಟ್ಟದೇ ಇದ್ದ ವರ್ಷಗಳೂ ಇವೆ. ದೊಡ್ಡವ್ವನಿಗೆ ಮೊದಲ ಐದು ವರ್ಷ ಪಿಎಫ್ಫೇ ಇಲ್ಲ. ಏನು ಮಾಡೋದು ಅಂತ ತಲೆ ಕೆರ್ಕೊಂಡು ಕೂತಿದ್ದೆ. ಒಂದು ದಿನ ಸೆರಗಿನಲ್ಲಿ ಸುತ್ಕೊಂಡು ಒಂದು ಫೋಟೋ ತಂದರು. ಆಯುಧಪೂಜೆಯ ಗ್ರೂಪ್ ಫೋಟೋ. ಸಾಹೇಬರುಗಳು ಕುರ್ಚಿ ಮೇಲೆ, ನಾವು ಗುಮಾಸ್ತರು ಹಿಂದೆ ನಿಂತು, ಅವರು ಮೂರು ಜನ ಅಂಚಿನಲ್ಲಿ, ಅರ್ಧ ಕಟ್ ಆಗಿ. ಕೆಳಗೆ ಕಿತ್ತಳೆ ಬಣ್ಣದಲ್ಲಿ ಕ್ಯಾಮೆರಾ ತಾನೇ ಹೊಡೆದ ತಾರೀಕು, 2009. ನಾನೂ ಇದ್ದೀನಿ ಅದರಲ್ಲಿ, ತೆಳ್ಳಗೆ, ಮೀಸೆ ಬಿಟ್ಕೊಂಡು. ಮೀಸೆ ನೋಡಿ ಅವರು ನಕ್ಕರು. ಆ ಫೋಟೋವನ್ನ ಸ್ಕ್ಯಾನ್ ಮಾಡಿ ಅವರ ಫೈಲಿಗೆ ಹಾಕಿದ್ದೀನಿ.

ಇದೆಲ್ಲ ತಗೊಂಡು ಏನು ಕೇಳಬೇಕು? ಕಾಯಂ ಮಾಡಿ ಅನ್ನೋದು ದೊಡ್ಡ ಬೇಡಿಕೆ, ಅದು ಇದ್ದೇ ಇದೆ, ಅದಕ್ಕೆ ಕೋರ್ಟು, ಯೂನಿಯನ್ನು, ವರ್ಷಗಳು ಬೇಕು. 2001ರ ಸ್ಟೀಲ್ ಅಥಾರಿಟಿ ತೀರ್ಪಿನ ಮೇಲೆ ಗುತ್ತಿಗೆಯವರು ತಾನಾಗೇ ಕಾಯಂ ಆಗಲ್ಲ, ಗುತ್ತಿಗೆ ಬರೀ ನಾಟಕ ಅಂತ ಸಾಬೀತು ಮಾಡಬೇಕು. ನಾನು ಹೇಳ್ತಿರೋದು ಅದಕ್ಕೂ ಮುಂಚಿನ ಸಣ್ಣ ಬೇಡಿಕೆ. ಹೊಸ ಸಾಫ್ಟ್‌ವೇರ್ ಬರ್ತಿರೋ ಪ್ರತಿ ಕಚೇರಿ, ಕಾಲೇಜು, ಆಸ್ಪತ್ರೆ, ಕಾರ್ಖಾನೆಯಲ್ಲಿ ಲಿಖಿತವಾಗಿ ಕೇಳಿ: ಸೇವೆಯನ್ನ ಯಾವ ದಿನಾಂಕದಿಂದ ಎಣಿಸ್ತೀರಿ? ಮೊಟ್ಟಮೊದಲು ಸೇರಿದ ದಿನ ಅನ್ನೋ ಖಾನೆಯನ್ನ ಗುತ್ತಿಗೆಯವರಿಗೂ ತುಂಬಿಸಿ. ಲೇಟಿನ ನಿಯಮ ಅನ್ವಯಿಸೋದಾದರೆ ವಿನಾಯ್ತಿಯ ನಿಯಮವೂ ಅನ್ವಯಿಸಲಿ. ಮುಂದಿನ ಟೆಂಡರಿನ ಷರತ್ತಿನಲ್ಲೇ ಹಳೇ ಸೇವೆ ಮುಂದುವರಿಯುತ್ತೆ ಅಂತ ಒಂದು ವಾಕ್ಯ ಬರೀಲಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಕೊಡಲ್ಲ ಅಂದರೆ, ಯಾಕೆ ಕೊಡಲ್ಲ ಅಂತ ಬರೆದು ಕೊಡಲಿ. ಸರ್ಕಾರಿ ಕಚೇರಿಯಾದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ.

ನನ್ನಂಥ ಗುಮಾಸ್ತರು ಎಲ್ಲಾ ಕಡೆ ಇದ್ದೀರಿ, ಇದನ್ನ ಓದ್ತಿದ್ದೀರಿ. ಆ ಖಾನೆಯಲ್ಲಿ ಬೆರಳಿಡೋರು ನೀವು. ಮೂಲೆ ಹಿಡಿದು ಕೆಳಗೆ ಎಳೆಯೋಕೆ ಮುಂಚೆ ಒಂದು ಸಲ ಹೆಸರು ಓದಿ.

ನನ್ನ ಡ್ರಾಫ್ಟ್ ತಿರಸ್ಕಾರ ಆಗಿದೆ. ಎರಡನೇ ಸಲ ಬರೆದು ಕೊಟ್ಟಿದ್ದೀನಿ, ಇಪ್ಪತ್ತಮೂರು ಜನದ ಸಹಿ ಮತ್ತು ಹೆಬ್ಬೆಟ್ಟಿನ ಜೊತೆ, ಒಂದು ಪ್ರತಿಗೆ ಸ್ವೀಕೃತಿಯ ಸೀಲ್ ಹಾಕಿಸ್ಕೊಂಡು. ಸವೆದ ಬೆರಳು ಮಿಷನ್ನಿಗೆ ಓದೋಕಾಗದಿದ್ದರೂ ಕಾಗದದ ಮೇಲೆ ಚೆನ್ನಾಗೇ ಮೂಡಿದೆ. ಹೊಸ ಸಾಫ್ಟ್‌ವೇರ್ ಮುಂದಿನ ತಿಂಗಳ ಒಂದರಿಂದ ಶುರುವಾಗುತ್ತೆ, ಅಷ್ಟರೊಳಗೆ ಉತ್ತರ ಬರಬೇಕು.

ಈ ಭಾನುವಾರ ಬೆಳಗ್ಗೆ ಹತ್ತು ಗಂಟೆಯಿಂದ ಬೆಳಗೊಳದಲ್ಲಿ ನಮ್ಮ ಮನೆ ಜಗಲಿ ಮೇಲೆ ಕೂತಿರ್ತೀನಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆಯಿಂದ ಗುತ್ತಿಗೆ ಕೆಲಸದ ಯಾರೇ ಬಂದರೂ ಸರಿ, ಆಧಾರ್‌ಗೆ ಜೋಡಿಸಿರೋ ಮೊಬೈಲ್ ಮರೀದೆ ತನ್ನಿ, ಓಟಿಪಿ ಅದಕ್ಕೇ ಬರೋದು. ಯುಎಎನ್, ಇಎಸ್‌ಐ ಕಾರ್ಡು, ಹಳೇ ಐಡಿ, ಫೋಟೋ ಏನಿದ್ದರೂ ಇರಲಿ. ಲ್ಯಾಪ್‌ಟಾಪ್ ಇರೋ ಹುಡುಗರು ಇಬ್ಬರು ಮೂವರು ಬಂದರೆ ಬೇಗ ಆಗುತ್ತೆ, ನನ್ನ ಹತ್ತಿರ ಇರೋದು ಒಂದೇ. ಊಟ ನಮ್ಮನೇಲೇ, ಮುದ್ದೆ ಬಸ್ಸಾರು.

ಜೈ ಭೀಮ್.